ನೀಲಿ ಗೂಟ ತಪ್ಪಿದ ಕಣಿವೆ

ಅಮೆರಿಕದ ಅರೋರಾದ ನಮ್ಮ ಕಡೆ ಏರು ಎಂದರೆ ಹೈವೇ ದಾಟುವ ಸೇತುವೆ, ಅಷ್ಟೇ. ಚಳಿಗಾಲವಿಡೀ ಅದನ್ನೇ ಹತ್ತಿ ಇಳಿದು, ಆಸ್ಟ್ರೇಲಿಯಾದ ಮರುಭೂಮಿಯ ಅಭಯಾರಣ್ಯದಲ್ಲಿ ನಡೆಯಲು ತಯಾರಾಗಿದ್ದೇನೆ ಎಂದುಕೊಂಡಿದ್ದೆ. ಜೊತೆಗೆ ಮಗಳು. ಸೌತ್‌ಫೀಲ್ಡ್‌ನಲ್ಲಿ ತುರ್ತು ಚಿಕಿತ್ಸೆಯ ನರ್ಸ್; ಮೂರು ವರ್ಷದ ಮೇಲೆ ನನ್ನ ಜೊತೆ ಸಮಯ ಕಳೆಯಲೆಂದು ರಜೆ ಹಾಕಿದ್ದಳು.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. "ದಾರಿ ತೋರಿಸುವ ನೀಲಿ ಗೂಟಗಳನ್ನು ಬಿಟ್ಟು ಹೋಗಬೇಡಿ, ಐದರೊಳಗೆ ವಾಪಸ್ ಬನ್ನಿ" ಎಂದು ಅಲ್ಲಿನ ರೇಂಜರ್ ಹೆಂಗಸು ಎಚ್ಚರಿಸಿದ್ದಳು. ದಾರಿ ಎಂದರೆ ಕಾಲಿಟ್ಟಲ್ಲಿ ಜಾರುವ ಕೆಂಪು ಕಲ್ಲುಚೂರು, ಪ್ಯಾಂಟಿಗೆ ಕಚ್ಚಿಕೊಳ್ಳುವ ಮುಳ್ಳುಹುಲ್ಲು. ಹನ್ನೊಂದರ ಹೊತ್ತಿಗೆ ಕಡಿದಾದ ಇಳಿಜಾರಿನಲ್ಲಿ ಕೂತು ಜಾರಿ, ಬತ್ತಿದ ಹೊಳೆಯ ಪಾತ್ರಕ್ಕೆ ಇಳಿದೆವು. ಸ್ವಲ್ಪ ದೂರ ಹೋಗಿ ಮಗಳು ನಿಂತಳು.

"ಅಮ್ಮಾ, ಗೂಟ ಕಂಡು ಅರ್ಧ ಗಂಟೆ ಆಯ್ತು. ಲೆಟ್ಸ್ ಗೋ ಬ್ಯಾಕ್."

"ಮುಂದೆ ಸಿಗತ್ತೆ ಬಾರೇ. ಈ ಹೊಳೆ ದಾರಿಗೇ ಹೋಗಿ ಸೇರತ್ತೆ."

ಅದು ಎಲ್ಲಿ ಸೇರುತ್ತದೆಂದು ನನಗೇನೂ ಗೊತ್ತಿರಲಿಲ್ಲ. ಆ ಇಳಿಜಾರನ್ನು ಮತ್ತೆ ಹತ್ತಲು ಮಂಡಿ ಒಪ್ಪುತ್ತಿರಲಿಲ್ಲ, ಹೇಳಲು ನಾಚಿಕೆ.

ಕಣಿವೆ ಇಕ್ಕಟ್ಟಾಗುತ್ತಾ ಹೋಯಿತು. ಬಂಡೆಗಳಿಂದ ಒಲೆಯ ಕಾವು ಬರುತ್ತಿತ್ತು. ಮಗಳ ವಾಚು ತೊಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಅವಳು "ನೀರು ಕುಡಿದ್ಯಾ?" ಎಂದಾಗಲೆಲ್ಲ "ಹ್ಞೂಂ" ಎನ್ನುತ್ತಿದ್ದೆ. ಕುಡಿದಿರಲಿಲ್ಲ. ದಾರಿ ತಪ್ಪಿದೆ ಎಂದು ಒಳಗೊಳಗೇ ಗೊತ್ತಾದ ಮೇಲೆ, ನನ್ನ ಪಾಲನ್ನು ಅವಳಿಗೆಂದು ಉಳಿಸುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಎದುರಿನ ಬಂಡೆ ಎರಡಾಗಿ ಕಂಡಿತು. ಕುಸಿದು ಕೂತೆ. ಮಗಳು ಓಡಿ ಬಂದು ನಾಡಿ ಹಿಡಿದಳು. ಆಮೇಲೆ ನನ್ನ ಚೀಲ ತೆರೆದಳು. ಮೂರರಲ್ಲಿ ಎರಡು ಬಾಟಲಿ ಇನ್ನೂ ಭರ್ತಿ.

"ಯು ಲೈಡ್ ಟು ಮಿ!" ಒಂದು ಬಾಟಲಿಯ ಮುಚ್ಚಳ ತಿರುಚುತ್ತಾ ಕೂಗಿದಳು. "ನೀನು ಬಿದ್ರೆ ನಾನೊಬ್ಳೇ ಹೇಗೆ ಎತ್ಕೊಂಡು ಹೋಗ್ಲಿ? ಹೇಳು!"

ಅವಳಿಗೆಂದು ಉಳಿಸಿದ ನೀರು ಇಬ್ಬರನ್ನೂ ಅಲ್ಲೇ ಮಲಗಿಸಬಹುದಿತ್ತು ಎಂಬುದು ಆಗ ಹೊಳೆಯಿತು.

ನನ್ನನ್ನು ನೆರಳಿಗೆ ಎಳೆದು, ಷೂ ಬಿಚ್ಚಿ, ಕತ್ತಿಗೆ ಒದ್ದೆ ಬಟ್ಟೆ ಸುತ್ತಿ, ಗುಟುಕು ಗುಟುಕಾಗಿ ಕುಡಿಸಿದಳು. ಫೋನಿಗೆ ಸಿಗ್ನಲ್ ಇರಲಿಲ್ಲ. ಮೇಲಿನ ಅಂಚಿನಿಂದ ಪಟ್ಟೆ ಬಾಲದ ಪುಟ್ಟ ಕಾಂಗರೂ ಒಂದು ನಮ್ಮನ್ನೇ ನೋಡುತ್ತಿತ್ತು. ಎರಡು ಗಂಟೆ ಹೊತ್ತು ಅಲ್ಲೇ ಇದ್ದೆವು.

ಬಿಸಿಲು ಇಳಿದಾಗ ಎದ್ದೆ. "ಈಗ ನೀನು ಹೇಳಿದ ಹಾಗೆ."

ಬಂದ ಹೆಜ್ಜೆಗುರುತಿನಲ್ಲೇ ಹಿಂದಿರುಗಿದೆವು. ಇಳಿಜಾರಿನ ಬುಡದಲ್ಲಿ "ಮಂಡಿ ಆಗಲ್ಲ ಕಣೇ" ಎಂದು ಕೊನೆಗೂ ಬಾಯಿಬಿಟ್ಟೆ. ಅವಳು ಹಿಂದಿನಿಂದ ತಳ್ಳಿದಳು, ನಾನು ಅಂಬೆಗಾಲಲ್ಲಿ ಹತ್ತಿದೆ. ಎರಡು ಸಲ ಕಲ್ಲು ಜಾರಿ ಅವಳ ಮೇಲೇ ಬಿದ್ದೆ. ಮೇಲೆ, ಒಣಗಿದ ಪೊದೆಯ ಹಿಂದೆ ನೀಲಿ ಗೂಟ ನಿಂತಿತ್ತು.

ತಲುಪುವಾಗ ಆರಾಗುತ್ತಿತ್ತು. ರೇಂಜರ್ ನಮ್ಮನ್ನು ಹುಡುಕಲು ಜೀಪ್ ಸ್ಟಾರ್ಟ್ ಮಾಡಿದ್ದಳು. "ಗೂಟ ಬಿಟ್ಟು ಮುಂದೆ ನಡೆದಿದ್ದು ಯಾರು?" ಎಂದು ಗಟ್ಟಿಯಾಗಿ ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು, "ಬೋತ್ ಆಫ್ ಅಸ್" ಎಂದಳು. ಆಮೇಲೆ ಜೀಪಿಗೆ ಒರಗಿ, ಚಿಕ್ಕವಳಿದ್ದಾಗಲೂ ಅತ್ತಿರದಷ್ಟು ಅತ್ತಳು.