ಗೂಗಲ್‌ಗೆ ಹೋದ ಜೋಳದ ಚೀಲ

ನಿನ್ನೆ ಗಿರಣಿಯಿಂದ ಜೋಳದ ಹಿಟ್ಟಿನ ಚೀಲವನ್ನು ಎದೆಗವಚಿಕೊಂಡು ಬರುತ್ತಿದ್ದೆ. ಆಗಷ್ಟೇ ಬೀಸಿದ ಹಿಟ್ಟು ಮಲಗೆದ್ದ ಕೂಸಿನ ಹಾಗೆ ಬೆಚ್ಚಗಿರುತ್ತದೆ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ರಾಯಚೂರಿನ ಓಣಿಯಲ್ಲಿದ್ದರೂ ಮನಸ್ಸು ಗೂಗಲ್ ಎಂಬ ಊರಿನ ಹೊಳೆದಂಡೆಗೆ ಹೋಗಿ ಕುಳಿತಿತು. ಅಲ್ಲೊಬ್ಬ ಅವ್ವ ಇದ್ದಳು... ಅವಳ ಹೆಸರನ್ನು ನಾನು ಕೇಳಲೇ ಇಲ್ಲ. ಅವಳೂ ನನ್ನ ಹೆಸರು ಕೇಳಲಿಲ್ಲ.

ಅದಕ್ಕೆ ಐದಾರು ವರ್ಷವಾಯಿತು. ಮಗ ಹತ್ತನೆಯ ತರಗತಿ ಪಾಸಾದರೆ ಅವನನ್ನು ಕರೆತಂದು, ಗೂಗಲ್‌ನ ಅಲ್ಲಮಪ್ರಭುವಿನ ಗುಡಿಯ ಮುಂದೆ ಐದು ಮಂದಿಗೆ ನಮ್ಮ ಮನೆಯ ಜೋಳದ ರೊಟ್ಟಿ ಉಣಿಸುತ್ತೇನೆ, ಅದೂ ನನ್ನ ಕೈಯಾರೆ ಬಡಿದದ್ದು, ಎಂದು ಬೇಡಿಕೊಂಡಿದ್ದೆ. ಗಣಿತ ಅವನಿಗೆ ಹುಲಿಯಾಗಿತ್ತು. ಆದರೂ ಪಾಸಾದ. ಎಷ್ಟು ಅಂಕ ಬಂತೆಂದು ನಾನು ಕೊರಗಲಿಲ್ಲ. ದೇವರು ಕೊಟ್ಟದ್ದನ್ನು ತೂಗಿ ನೋಡಬಾರದು.

ನಮ್ಮ ಮನೆಯವರಿಗೆ ಶನಿವಾರದಿಂದ ಸೋಮವಾರದವರೆಗೆ ಒಟ್ಟಿಗೆ ಮೂರು ದಿನ ರಜೆ ಸಿಕ್ಕಿತು. ಮೊದಲು ಗೂಗಲ್, ಆಮೇಲೆ ದೇವದುರ್ಗದ ಮೇಲೆ ಹಾದು ಮಾನ್ವಿಯ ಅಕ್ಕನ ಮನೆ ಎಂದು ಗೊತ್ತು ಮಾಡಿದೆವು. ಮಕ್ಕಳಿಬ್ಬರಿಗೂ ಬೇಕಾಗಿದ್ದದ್ದು ಹೈದರಾಬಾದ್.

"ಗೆಳ್ಯಾರು ಕೇಳಿದ್ರ ಏನಂತ ಹೇಳ್ಲಿ? ಮೂರು ದಿನ ಸೂಟಿಯಾಗ ರೊಟ್ಟಿ ಗಂಟು ಹೊತ್ಕೊಂಡು ತಿರುಗಿದ್ದೆ ಅನ್ಲೇನು?" ಎಂದ ಮಗ. ಏಳನೆಯ ತರಗತಿಯ ಮಗಳು ಮಾತನ್ನೇ ಬಿಟ್ಟಳು. ಅವಳು ಮಾತು ಬಿಟ್ಟಳೆಂದರೆ ಮನೆಯಲ್ಲಿ ಗಡಿಯಾರದ ಸಪ್ಪಳವೂ ಕೇಳುತ್ತದೆ.

ಮುಂಜಾನೆ ಬಾಗಿಲ ಬಳಿ ಎರಡು ಚೀಲ ಇಟ್ಟಿದ್ದೆ. ಎರಡೂ ಒಂದೇ ಅಂಗಡಿಯವು, ಒಂದೇ ಹಸಿರು. ಒಂದರಲ್ಲಿ ಬಟ್ಟೆಯಲ್ಲಿ ಕಟ್ಟಿದ ಹರಕೆಯ ರೊಟ್ಟಿ, ಇನ್ನೊಂದರಲ್ಲಿ ಗಿರಣಿಗೆ ಹೋಗಬೇಕಿದ್ದ ಜೋಳ. ಬಸ್ಸು ತಪ್ಪುತ್ತದೆ ಎಂದು ಅವಸರಪಟ್ಟು ಮಗನ ಹೆಗಲಿಗೆ ಒಂದು ಚೀಲ ಏರಿಸಿದವಳು ನಾನೇ.

"ಅವ್ವಾ, ರೊಟ್ಟಿ ಇಷ್ಟ್ ಭಾರ ಇರ್ತಾವೇನು?"

"ಬರೋ ಮನಸಿಲ್ಲದವಂಗ ಹೂವೂ ಭಾರನ. ಸುಮ್ನ ನಡಿ."

ಬಸ್ಸು ಇಳಿದು ಟಂಟಂ ಆಟೊ ಹತ್ತುವಾಗ ಮತ್ತೆ ಅಂದ. ಮತ್ತೆ ಬೈದೆ.

ದರ್ಶನ ಮುಗಿಸಿ, ಬೇವಿನ ಮರದ ನೆರಳಲ್ಲಿ ಕುಳಿತು ಚೀಲದ ಬಾಯಿ ಬಿಚ್ಚಿದೆ. ಜೋಳ! ಮುತ್ತಿನಂಥ ಬಿಳಿ ಜೋಳ ನನ್ನನ್ನೇ ನೋಡುತ್ತಿತ್ತು. ಮಗ ಚೀಲ ಹೊತ್ತ ಹೆಗಲನ್ನು ನನಗೆ ಕಾಣುವ ಹಾಗೆ ತಿಕ್ಕಿಕೊಂಡ. ಬೈದಿದ್ದರೆ ವಾಸಿ ಇತ್ತು.

"ಮುಂದಿನ ಸಲ ಮಾಡಿದ್ರಾಯ್ತು ಬಿಡು" ಎಂದರು ಮನೆಯವರು.

"ಮುಂದಿನ ಸಲ ನಾವಂತೂ ಬರಂಗಿಲ್ಲ" ಎಂದಳು ಮಗಳು.

ನನ್ನ ಕಣ್ಣು ತುಂಬಿತು. ಹರಕೆ ಮಗನ ಹೆಸರಿನದು, ಅವನಿಲ್ಲದೆ ತೀರಿಸುವುದು ಹೇಗೆ? ದೇವರ ಬಾಗಿಲಿಗೆ ಬಂದು ಬರಿಗೈಯಲ್ಲಿ ಕುಳಿತ ಹಾಗಾಯಿತು.

ಎದುರು ಮನೆಯ ಕಟ್ಟೆಯ ಮೇಲೆ ಪುಂಡಿಸೊಪ್ಪು ಸೋಸುತ್ತಿದ್ದ ಮುದುಕಿ, ನಾನು ಹೇಳಿದ ಅವ್ವ ಅವಳೇ, ಆಗ ಕೂಗಿದಳು: "ಯಾಕ ಬೇ ತಂಗೀ, ಜ್ವಾಳ ಹೊತ್ಕೊಂಡು ಹೊಳಿತನಕ ಬಂದೀದಿ? ನಿಮ್ಮೂರಾಗ ಗಿರಣಿ ಮುಚ್ಯಾವೇನು?"

ಮೊದಲು ನಕ್ಕದ್ದು ನಮ್ಮ ಮನೆಯವರು. ನಾನು ಅಳುತ್ತಲೇ ಎಲ್ಲ ಹೇಳಿದೆ. ನಿಮ್ಮ ಹಿಟ್ಟು ಇದ್ದರೆ ಒಂದಿಷ್ಟು ಕೊಡಿ ಎಂದೆ.

"ನನ್ನ ಹಿಟ್ಟಿಲೆ ಮಾಡಿದ್ರ ಹರಕಿ ನಂದಾಗ್ತದ, ನಿಂದಲ್ಲ" ಎಂದಳು ಅವ್ವ. "ಮುಂಜಾನಿಂದ ಕರೆಂಟಿಲ್ಲ, ಗಿರಣಿ ನಡಿಯಂಗಿಲ್ಲ. ಮನ್ಯಾಗ ಬೀಸುಕಲ್ಲದ, ಬರ್ರಿ." ನಾನು ಸೆರಗು ಸಿಕ್ಕಿಸಿ ಎದ್ದೆ. ಅವಳು ಕೈ ಅಡ್ಡ ಹಿಡಿದಳು. "ನೀ ರೊಟ್ಟಿ ಬಡಿಯಾಕಿ. ಪಾಸಾದವ ಯಾವನು? ನೀನೇನಲೇ? ಕಿವ್ಯಾಗಿನ ವಾಯರ ತೆಗದಿಟ್ಟು ಕಲ್ಲಿಗೆ ಕೂಡು."

ಮಗ ಕುಳಿತ. ಗೂಟ ಹಿಡಿದು ತಿರುಗಿಸಿದರೆ ಕಲ್ಲು ಒಂದು ಸುತ್ತು ಬಂದು ನಿಂತಿತು. ಅವ್ವ ಎದುರು ಕುಳಿತು ಅವನ ಕೈಯ ಮೇಲೆ ಕೈಯಿಟ್ಟು ಎಳೆದಳು. ಕಲ್ಲು ಗರಗರ ಎಂದಿತು. ಮುಂದಿನ ಸಲ ಬರಂಗಿಲ್ಲ ಅಂದಿದ್ದ ಮಗಳು "ನಾ ಜ್ವಾಳ ಹಾಕ್ತೀನಿ" ಎಂದು ಓಡಿಬಂದಳು.

ಅವ್ವ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಹಿಟ್ಟಲ್ಲಲೇ ಇದು, ರವಾ! ಹತ್ತನೇ ಕ್ಲಾಸು ಹೆಂಗ ಪಾಸಾದಿ?"

"ನಮ್ಮವ್ವ ಹರಕಿ ಹೊತ್ತಿದ್ಲು" ಎಂದ ಮಗ.

ಅವ್ವ ಬಾಯ್ತುಂಬ ನಕ್ಕಳು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

ಆ ರವೆಯಂಥ ಹಿಟ್ಟಿನ ರೊಟ್ಟಿಗಳ ಅಂಚು ಹರಿದು ಹರಿದು ಬಂತು. ಮಗಳು ತಾನೂ ಒಂದು ಬಡಿದಳು. "ಹೊಳ್ಯಾನ ನಡುಗಡ್ಡಿ ಮಾಡ್ಯಾಳ ನೋಡ್ರಿ" ಎಂದು ಅವ್ವ ಅದನ್ನು ತನಗೇ ಎತ್ತಿಟ್ಟುಕೊಂಡಳು. ಪೂಜಾರಿ, ಇಬ್ಬರು ಮೀನುಗಾರರು, ನಮ್ಮನ್ನು ಕರೆತಂದ ಟಂಟಂನವನು, ಇಷ್ಟು ಮಂದಿ ಗುಡಿಯ ಮುಂದೆ ಸಾಲಾಗಿ ಕುಳಿತು ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡರು. ಐದನೆಯವಳು ಅವ್ವ. ಮಗಳು ಯಾರೂ ಹೇಳದೆ ಆ ನಡುಗಡ್ಡೆಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟಳು. ಹರಕೆ ತೀರಿತು. ನನ್ನ ಪಾಲಿಗೆ ಅಷ್ಟೇ ಸಾಕಿತ್ತು. ಮಕ್ಕಳ ನಗು ದೇವರು ಮೇಲೆ ಹಾಕಿದ ಕೊಸರು.

ಹೊರಟಾಗ ಅವ್ವ ಅಂದಳು: "ಮತ್ತ ಬರೂವಾಗ ರೊಟ್ಟಿ ತರಬ್ಯಾಡ್ರಿ, ಜ್ವಾಳನ ತರ್ರಿ. ಈ ರವಾದ ಸಾಹುಕಾರಗ ಸಣ್ಣಗ ಬೀಸೋದು ಕಲಿಸ್ಬೇಕು."

ಮಾನ್ವಿಯಲ್ಲಿ ಅಕ್ಕನ ಮುಂದೆ ಈ ಕತೆಯನ್ನು ಅಣ್ಣ ತಂಗಿ ಒಬ್ಬರ ಬಾಯಿಂದ ಒಬ್ಬರು ಕಸಿದು ಹೇಳಿದರು. ಸೋಮವಾರದವರೆಗೆ ಹೈದರಾಬಾದಿನ ಸುದ್ದಿ ಇಲ್ಲ. ಮಂಗಳವಾರ ಮತ್ತೆ ಶುರುವಾಯಿತು, ಅದು ಬೇರೆ ಮಾತು.

ಹೋಗೋಣ, ಹೋಗೋಣ ಎನ್ನುತ್ತಲೇ ವರ್ಷಗಳು ಸರಿದವು... ಒಮ್ಮೆ ಪರೀಕ್ಷೆ, ಒಮ್ಮೆ ಮದುವೆ, ಒಮ್ಮೆ ನನ್ನ ಮೊಣಕಾಲು. ಕಳೆದ ವಾರ ಮಗನೇ ಜೋಳದ ಚೀಲ ಹೆಗಲಿಗೇರಿಸಿ ನನ್ನನ್ನು ಗೂಗಲ್‌ಗೆ ಹೊರಡಿಸಿದ. ಭಾರ ಎನ್ನಲಿಲ್ಲ. ಅವ್ವನ ಬಾಗಿಲಿಗೆ ಕೀಲಿ ಬಿದ್ದಿತ್ತು. "ಆಕಿ ತೀರಿಹೋಗಿ ಎಂಟು ತಿಂಗಳಾತ್ರಿ" ಎಂದಳು ಪಕ್ಕದ ಮನೆಯಾಕೆ. ಬೀಸುಕಲ್ಲು ಕಟ್ಟೆಯ ಮೇಲಿತ್ತು. ಮಗ ಅದರ ಗೂಟ ಹಿಡಿದು ಒಂದು ಸುತ್ತು ತಿರುಗಿಸಿದ. ಜೋಳ ನಮ್ಮ ಜೊತೆಗೇ ತಿರುಗಿ ಬಂತು.

ನಿನ್ನೆ ಗಿರಣಿಯಲ್ಲಿ ಬೀಸಿಸಿದ್ದು ಅದೇ ಜೋಳ. ಬಿಸಿ ರೊಟ್ಟಿ ತಾಟಿಗೆ ಹಾಕಿದೆ. ಮಗ ಒಂದು ತುತ್ತು ಮುರಿದು, ಬೆರಳಲ್ಲಿ ಉಜ್ಜಿ ನೋಡಿದ.

"ಅವ್ವಾ, ಹಿಟ್ಟು ಭಾಳ ಸಣ್ಣ ಆಗ್ಯಾದ."

ನಾವು ನಾಲ್ವರಿಗೂ ಒಂದೊಂದು ರೊಟ್ಟಿ ಆಯಿತು. ಐದನೆಯ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಯಲು ಇಟ್ಟೆ.