ಟವೆಲ್ ಹಾಕಿದ ಸೀಟು

"ಬಂದಾರೆ, ಹಿಂದೆ ಅದಾರೆ, ಸೀಟಿ ಹೊಡೀರಿ" ಎಂದು ನಾನು ಒಂದು ಬೆಳಗ್ಗೆ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರಿಗೆ ಹೇಳಿದೆ. ಅದು ಸುಳ್ಳು. ಆ ಸುಳ್ಳು ನನ್ನ ಬಾಯಿಂದ ಬಿದ್ದ ಹೊತ್ತಿನಲ್ಲಿ ಒಬ್ಬ ಮನುಷ್ಯ ಅದೇ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಒರಗಿ, ಎದೆ ಹಿಡಿದುಕೊಂಡು ಕೂತಿದ್ದರು. ನಾನು ನಿಜ ಹೇಳಿದ್ದರೆ ಅವರು ಉಳಿಯುತ್ತಿದ್ದರೋ ಏನೋ. ಈ 'ಏನೋ' ಎಂಬುದನ್ನು ಇಟ್ಟುಕೊಂಡೇ ಇಷ್ಟು ವರ್ಷ ಬದುಕಿದ್ದೇನೆ.

ಆಗ ದಾವಣಗೆರೆ ಜಿಲ್ಲೆಯಾಗಿ ಒಂದೆರಡು ವರ್ಷ. ಆಫೀಸುಗಳು ಹೆಚ್ಚಿದ್ದವು, ಹರಿಹರದಿಂದ ಅಲ್ಲಿಗೆ ಓಡಾಡುವ ನನ್ನಂಥ ಗುಮಾಸ್ತರು ಹೆಚ್ಚಿದ್ದರು, ಬಸ್ಸುಗಳು ಮಾತ್ರ ಇದ್ದಷ್ಟೇ ಇದ್ದವು. ಎಂಟು ಗಂಟೆಯ ಲೋಕಲ್ ಬಸ್ಸಿಗೆ ಏಳೂವರೆಗೇ ಜನ ಕಾಯುತ್ತಿದ್ದೆವು. ಖಾಲಿ ಬಸ್ಸು ಬಂದು ತಿರುಗಿ ನಿಲ್ಲುವ ಮೊದಲೇ ಕಿಟಕಿಗಳೊಳಗೆ ಟವೆಲ್, ಕರ್ಚೀಫು, ಟಿಫಿನ್ ಚೀಲ ಬೀಳುತ್ತಿದ್ದವು. ಎಲ್ಲಿ ಬಿತ್ತೋ ಅದು ನಿಮ್ಮ ಸೀಟು. ಬಟ್ಟೆ ಹಾಕಿದವರು ಆಮೇಲೆ ಆರಾಮವಾಗಿ ಚಹಾ ಕುಡಿದು, ಊರ ಸುದ್ದಿ ಮಾತಾಡಿ, ಡ್ರೈವರ್ ಹಾರ್ನ್ ಹೊಡೆದಾಗ ಬಂದು ಕೂರಬಹುದಿತ್ತು.

ಇದಕ್ಕೆ ನಿಯಮಗಳಿದ್ದವು. ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಬಾಯಿಪಾಠ. ಬಟ್ಟೆ ನಡೆಯುತ್ತದೆ, ಪೇಪರ್ ನಡೆಯುವುದಿಲ್ಲ. ಪೇಪರನ್ನು ಯಾರಾದರೂ ಓದಲು ಎತ್ತಿಕೊಂಡರೆ ಸೀಟೂ ಹೋಯಿತು. ಒಬ್ಬರಿಗೆ ಒಂದೇ ಸೀಟು, ಬಸುರಿ ಹೆಂಡತಿ ಜೊತೆಗಿದ್ದರೆ ಎರಡು. ಒಮ್ಮೆ ಒಬ್ಬಾತ ಗಡಿಬಿಡಿಯಲ್ಲಿ ತನ್ನ ಚಪ್ಪಲಿಯನ್ನೇ ಒಳಗೆ ಎಸೆದ. ಅವನಿಗೆ ಸೀಟು ಕೊಡಲಿಲ್ಲ. ಕೊಡದಿದ್ದುದೂ ಅಲ್ಲದೆ ಒಂದು ತಿಂಗಳು "ಏನಪ್ಪಾ, ಇವತ್ತು ಎರಡೂ ಕಾಲಿಗೂ ಅದಾವೇನು?" ಎಂದು ಕೇಳಿ ಕಾಡಿಸಿದೆವು.

ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ಬಸ್ಸು ಬಿಡುವಾಗ ಯಾವುದಾದರೂ ಸೀಟಿನಲ್ಲಿ ಬರೀ ಟವೆಲ್ ಇದ್ದರೆ ಕಂಡಕ್ಟರ್ ಕೇಳಲೇಬೇಕು: "ಇದು ಯಾರ್ದು, ಬಂದಾರೇನ್ರಿ?" ಬಂದಿಲ್ಲ ಎಂದರೆ ಯಾರಾದರೂ ಒಬ್ಬರು ಇಳಿದು ಹೋಗಿ ಹುಡುಕಿ ಕರೆತರಬೇಕು. ಟವೆಲ್ ಒಳಗೆ, ಮನುಷ್ಯ ಹೊರಗೆ ಎಂಬಂತೆ ಬಸ್ಸು ಹೊರಡಬಾರದು. ಈಗ ನೆನೆದರೆ, ನಮ್ಮ ಎಲ್ಲ ನಿಯಮಗಳಲ್ಲಿ ನಿಜವಾಗಿ ಮನುಷ್ಯರಿಗಾಗಿ ಇದ್ದದ್ದು ಇದೊಂದೇ.

ಈ ನಿಯಮಗಳಿಗೆ ಪೊಲೀಸು ನಾನು. ಯಾರೂ ನೇಮಿಸಿರಲಿಲ್ಲ, ನಾನೇ ಆದೆ. ನನಗೆ ಆಗ ಇಪ್ಪತ್ತೆಂಟು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆಫೀಸಿನಲ್ಲಿ ಮೇಲಿನವರ ಮುಂದೆ ಬಾಯಿ ಮುಚ್ಚಿಕೊಂಡು ಫೈಲು ಹೊರುವವಳು ಬಸ್ಸಿನಲ್ಲಿ ಜಡ್ಜು. ಯಾರ ಕರ್ಚೀಫು ಮೊದಲು ಬಿತ್ತು, ಯಾರದು ಆಮೇಲೆ ಬಿತ್ತು ಎಂದು ತೀರ್ಪು ಕೊಡುತ್ತಿದ್ದೆ. "ಮೇಡಂನ ಕೇಳ್ರಪ್ಪಾ" ಎಂದು ಜನ ಅಂದರೆ ನನಗೆ ಒಳಗೊಳಗೇ ಖುಷಿ. ಅದನ್ನು ಮುಚ್ಚಿಟ್ಟು ಏನು ಮಾಡಲಿ?

ಎದುರು ಸಾಲಿನ ಕಿಟಕಿಯ ಸೀಟಿನಲ್ಲಿ ದಿನಾ ಒಂದು ನೀಲಿ ಚೌಕಳಿಯ ಟವೆಲ್ ಬೀಳುತ್ತಿತ್ತು. ಅದು ಲೇಥ್ ಸಾಬರದು. ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇಥ್ ಮಷಿನ್ ಓಡಿಸುತ್ತಿದ್ದರು. ಐವತ್ತರ ಆಸುಪಾಸು, ತೆಳ್ಳಗಿನ ಆಳು, ಮಾತು ಕಡಿಮೆ. ಟವೆಲ್ ಹಾಕಿ ಚಹಾಕ್ಕೆ ಹೋದರೆ ಹಾರ್ನ್ ಕೇಳಿದರೂ ಲೋಟ ಖಾಲಿ ಮಾಡದೆ ಏಳುವವರಲ್ಲ. ಎರಡು ಸಲ ನಾನೇ ಕಿಟಕಿಯಿಂದ ಕೂಗಿ ಕರೆಸಿದ್ದೆ. "ಅಷ್ಟು ಆರಾಮಾದ್ರೆ ಹೆಂಗ್ರಿ ಸಾಬ್ರೆ, ಸೀಟು ಬೇರೆಯವರಿಗೆ ಕೊಡ್ತೀನಿ ನೋಡ್ರಿ" ಎಂದು ಬೈದಾಗ ನಕ್ಕು ಅಂದಿದ್ದರು: "ಹಂಗನ್ನಬ್ಯಾಡ್ರಿ ಮೇಡಂ. ದಿನಾ ಪೂರ್ತಿ ಮಷಿನ್ ಮುಂದೆ ನಿಂತೇ ಇರ್ತೀನಿ. ನಾನು ಕೂಡೋದು ಈ ಬಸ್ಸಿನಾಗೆ ಅಷ್ಟೇ."

ಆ ಬೆಳಗ್ಗೆಯೂ ಟವೆಲ್ ಬಿತ್ತು. ಅವರು ಕಿಟಕಿಯ ಹೊರಗಿನಿಂದ ಅದನ್ನು ಎರಡು ಸಲ ಎಸೆದರು, ಮೊದಲನೆಯ ಸಲ ಜಾರಿ ಕೆಳಗೆ ಬಿದ್ದಿತ್ತು. ಮುಖ ಯಾಕೋ ಬೆವೆತಿತ್ತು. ಇದನ್ನು ನಾನು ಆಮೇಲೆ ಸೇರಿಸಿಕೊಂಡು ಹೇಳುತ್ತಿಲ್ಲ, ಅವತ್ತೇ ಕಂಡಿದ್ದೆ. ಕಂಡು, ಬೇಸಿಗೆ ಅಲ್ಲವಾ ಅಂದುಕೊಂಡು ಸುಮ್ಮನಾದೆ.

ಎಂಟು ಗಂಟೆಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಯಕೊಂಡಕ್ಕೆ ಯಾವುದೋ ಮದುವೆಗೆ ಹೊರಟಿದ್ದ ದಪ್ಪನೆಯ ಮನುಷ್ಯನೊಬ್ಬ ನುಗ್ಗಿಕೊಂಡು ಬಂದ. ನಮ್ಮ ಬಸ್ಸಿಗೆ ಹೊಸಬ. ನೀಲಿ ಟವೆಲನ್ನು ಎರಡು ಬೆರಳಲ್ಲಿ ಎತ್ತಿ, "ಯಾರ್ದಿದು, ಖಾಲಿ ಐತಲ್ಲ" ಎಂದು ಕೂರಲು ಹೋದ.

"ಕೆಳಗಿಡ್ರಿ ಅದನ್ನ" ಎಂದೆ.

"ಯಾಕ್ರಿ? ಟವೆಲ್ಲಿಗೆ ಟಿಕೆಟ್ ತಗೊಂಡಾರೇನು?"

ಬಸ್ಸು ನಕ್ಕಿತು. ನನ್ನ ಬಸ್ಸಿನಲ್ಲಿ, ನನ್ನ ಜನ, ಅವನ ಮಾತಿಗೆ ನಕ್ಕರು. ನನಗೆ ಕಿವಿಯ ತನಕ ಬಿಸಿಯೇರಿತು. "ಟವೆಲ್ಲಿನವರು ಬಂದಾರೆ, ಅಲ್ಲಿ ಹಿಂದೆ ಮಾತಾಡಿಕೊಂತ ನಿಂತಾರೆ. ನಿಮ್ಮೂರಾಗೆ ಹೆಂಗೋ ಗೊತ್ತಿಲ್ಲ, ಇಲ್ಲಿ ಇನ್ನೊಬ್ಬರ ಜಾಗದಾಗೆ ಕೂಡಲ್ಲ" ಎಂದೆ. ಆತ ಟವೆಲನ್ನು ಮತ್ತೆ ಹಾಸಿ, ಕಂಬಿ ಹಿಡಿದು ನಿಂತ. ಆದರೆ ಮುಖದಲ್ಲಿ ನಂಬಿಕೆಯಿರಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಜನರನ್ನು ಸರಿಸಿಕೊಂಡು ಬಂದು ನಿಯಮದಂತೆ ಕೇಳಿದ: "ಇದು ಯಾರ್ದು, ಬಂದಾರೇನ್ರಿ?"

ದಪ್ಪನೆಯ ಮನುಷ್ಯ ನನ್ನ ಮುಖವನ್ನೇ ನೋಡುತ್ತಿದ್ದ. ಸಾಬರು ಬಂದಿದ್ದನ್ನು ನಾನು ಕಂಡಿರಲಿಲ್ಲ. ಎದ್ದು ಹಿಂದೆ ತಿರುಗಿ ನೋಡಬಹುದಿತ್ತು, ನೋಡಲಿಲ್ಲ. ನೋಡಿದರೆ ಅನುಮಾನ ಇದೆ ಎಂದು ಒಪ್ಪಿಕೊಂಡಂತೆ. ಬಂದಿಲ್ಲ ಎಂದರೆ ನಾನು ಸೋತೆ. ಹಾಗಾಗಿ ಹೇಳಿದೆ: "ಬಂದಾರೆ, ಹಿಂದೆ ಅದಾರೆ, ಸೀಟಿ ಹೊಡೀರಿ."

ಕಂಡಕ್ಟರ್ ಸೀಟಿ ಊದಿದ. ನಾನು ಗೆದ್ದೆ.

ನಲವತ್ತು ನಿಮಿಷದ ದಾರಿ. ಜನ ಒಬ್ಬರ ಮೇಲೊಬ್ಬರು ಜೋತುಬಿದ್ದಿದ್ದರು, ಒಂದು ಮುದುಕಿ ಇಂಜಿನ್ನಿನ ಪಕ್ಕ ನೆಲದ ಮೇಲೆ ಕೂತಿದ್ದಳು, ಆ ಸೀಟಿಗೆ ಯಾರೂ ಕೈ ಹಚ್ಚಲಿಲ್ಲ. ಕರೂರಿನ ಸ್ಟಾಪಿನಲ್ಲಿ ವರ್ಕ್‌ಶಾಪಿನ ಮಂದಿ ಇಳಿದರು. ಟವೆಲ್ ಎತ್ತಿಕೊಳ್ಳಲು ಯಾರೂ ಬರಲಿಲ್ಲ. ಮರೆತು ಹಿಂದಿನ ಬಾಗಿಲಿನಿಂದ ಇಳಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ದಾವಣಗೆರೆಯಲ್ಲಿ ಇಳಿಯುವಾಗ ಟವೆಲ್ ಮಡಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ದಪ್ಪನೆಯ ಮನುಷ್ಯ ಮೆಟ್ಟಿಲ ಬಳಿ ನಿಂತು, "ಎಲ್ಲವ್ವಾ ನಿಮ್ಮ ಟವೆಲ್ಲಿನವರು?" ಎಂದ. ಗೇಲಿ ಮಾಡಲಿಲ್ಲ, ಸುಮ್ಮನೆ ಕೇಳಿದ. ನಾನು ಆಫೀಸಿನ ಕಡೆ ನಡೆದೆ.

ಮರುದಿನ ಸ್ಟ್ಯಾಂಡಿನಲ್ಲಿ ಚಹಾ ಅಂಗಡಿಯವನು ಹೇಳಿದ. ಸಾಬರು ಚಹಾಕ್ಕೆ ಬರಲೇ ಇಲ್ಲವಂತೆ. ಮುಖ ತೊಳೆಯಲು ಹಿಂದಿನ ನಲ್ಲಿಗೆ ಹೋದವರು ಅಲ್ಲೇ ಗೋಡೆಗೆ ಒರಗಿ ಕೂತಿದ್ದಾರೆ. ಹೋಗಿ ಬರುವವರು ಯಾರೋ ದಣಿವಾರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದಾರೆ. ಕಸ ಗುಡಿಸುವ ಹೆಂಗಸು ಬಂದು ಮಾತಾಡಿಸುವ ಹೊತ್ತಿಗೆ ಎಂಟೂಮುಕ್ಕಾಲು ಆಗಿತ್ತು. ಆಗಲೂ ಉಸಿರಿತ್ತಂತೆ. ಆಸ್ಪತ್ರೆಯ ಬಾಗಿಲಲ್ಲಿ ಹೋಯಿತಂತೆ. "ಇನ್ನೊಂದರ್ಧ ತಾಸು ಮುಂಚೆ ತಂದಿದ್ರೆ ನೋಡಬಹುದಿತ್ತು ಅಂದ್ರಂತೆ ಡಾಕ್ಟ್ರು" ಎಂದು ಅವನು ಲೋಟ ತೊಳೆಯುತ್ತಾ ಹೇಳಿದ. ಆ ನಲ್ಲಿ ಬಸ್ಸು ನಿಲ್ಲುತ್ತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ. ಯಾರಾದರೂ ಇಳಿದು ಹುಡುಕಿದ್ದರೆ ಮೊದಲು ಹೋಗುತ್ತಿದ್ದದ್ದು ಚಹಾ ಅಂಗಡಿಗೆ, ಎರಡನೆಯದು ಅಲ್ಲಿಗೇ.

ಯಾರಿಗೂ ಹೇಳಲಿಲ್ಲ. ಕಂಡಕ್ಟರಿಗೆ ನೆನಪಿತ್ತೋ ಇಲ್ಲವೋ, ಅವನೂ ಕೇಳಲಿಲ್ಲ. ಆದರೆ ಆಮೇಲೆ ಪ್ರತಿ ಬೆಳಗ್ಗೆ ಆತ "ಬಂದಾರೇನ್ರಿ?" ಎಂದಾಗ ನಾನು ತಿರುಗಿ ಬಸ್ಸಿನ ಹಿಂದಿನ ತನಕ ನೋಡುತ್ತಿದ್ದೆ. ಎದುರು ಸಾಲಿನ ಆ ಸೀಟಿನಲ್ಲಿ ಬೇರೆಯವರು ಕೂರತೊಡಗಿದರು. ಅವರ ತಲೆಯ ಹಿಂದೆ, ಕಿಟಕಿಯ ಆಚೆ, ಬೆವೆತ ಮುಖವೊಂದು ಇನ್ನೊಂದು ಸಲ ಟವೆಲ್ ಎಸೆಯಲು ಕೈ ಎತ್ತುತ್ತಿತ್ತು. ಭ್ರಮೆ ಎಂದು ನನಗೂ ಗೊತ್ತು. ಗೊತ್ತಿದ್ದರೂ ಪ್ರತಿ ದಿನ ಆ ಕಿಟಕಿ ನೋಡುತ್ತಿದ್ದೆ. ಕೊನೆಗೆ ಸೀಟು ಹಿಡಿಯುವುದನ್ನೇ ಬಿಟ್ಟೆ. ನಿಂತೇ ಹೋಗುತ್ತಿದ್ದೆ. "ಮೇಡಂನ ಕೇಳ್ರಪ್ಪಾ" ಎಂದು ಯಾರಾದರೂ ಅಂದರೆ "ನನಗೆ ಗೊತ್ತಿಲ್ಲ" ಅನ್ನುತ್ತಿದ್ದೆ. ಜನ ನನಗೆ ಮನೆಯಲ್ಲಿ ಏನೋ ತಾಪತ್ರಯ ಅಂದುಕೊಂಡರು.

ಟವೆಲ್ ನನ್ನ ಬೀರುವಿನಲ್ಲಿತ್ತು. ಬೀರು ತೆರೆದರೆ ಮಷಿನ್ ಎಣ್ಣೆಯ ವಾಸನೆ ಹೊಡೆಯುತ್ತಿತ್ತು, ನನ್ನ ಸೀರೆಗಳಿಗೂ ಹತ್ತಿತ್ತು. ಎರಡನೆಯ ವಾರಕ್ಕೆ ತಡೆಯಲಾಗದೆ ಸೋಪು ಹಾಕಿ ಎರಡು ಸಲ ತಿಕ್ಕಿ ತೊಳೆದು ಹಿತ್ತಲಲ್ಲಿ ಒಣಹಾಕಿದೆ. ಗಾಳಿಗೆ ಅದು ಅಲ್ಲಾಡುವುದನ್ನು ನೋಡಲಾರದೆ ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಇನ್ನು ಇದನ್ನು ಅವರ ಮನೆಗೆ ಮುಟ್ಟಿಸಿ, ಆದದ್ದನ್ನು ಹೇಳಿಬಿಡದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ ಅನ್ನಿಸಿತು.

ಚಹಾ ಅಂಗಡಿಯವನನ್ನು ಕೇಳಿಕೊಂಡು ಒಂದು ಭಾನುವಾರ ಹೋದೆ. ಗಂಡ ತೀರಿಕೊಂಡ ಮೇಲೆ ಅವರಲ್ಲಿ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವುದಿಲ್ಲ. ಸಾಬರ ಹೆಂಡತಿ ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು.

"ಬರ್ರಿ, ಕೂಡ್ರಿ. ಬಸ್ಸಿನ ಮೇಡಂ ಅಲ್ಲೇನ್ರಿ? ಹೇಳ್ತಿದ್ರು ನಿಮ್ಮ ಬಗ್ಗೆ. ಭಾರಿ ಬೈತಾರೆ, ಆದ್ರೆ ನ್ಯಾಯ ಬಿಡಲ್ಲ ಅಂತಿದ್ರು."

ನಾನು ಟವೆಲ್ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡರು. ಆಮೇಲೆ ಕೆಳಗಿಳಿಸಿ, "ತೊಳದೀರಿ" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅವತ್ತು ಬಸ್ಸು ರಶ್ ಇತ್ತೇನ್ರಿ?" ಎಂದು ಕೇಳಿದರು.

"ಇತ್ತು."

"ಇವರ ಸೀಟಿನಾಗೆ ಯಾರು ಕೂತ್ರು ಮತ್ತೆ?"

"ಯಾರೂ ಕೂಡಲಿಲ್ಲ. ಟವೆಲ್ ಇತ್ತಲ್ಲ."

"ಅಷ್ಟು ರಶ್ ಇದ್ರೂ?" ಅವರ ಕಣ್ಣು ತುಂಬಿದವು. "ಅಷ್ಟು ಇಜ್ಜತ್ ಕೊಟ್ರಲ್ರೀ ಜನ ಇವರಿಗೆ."

ಆಗ ನಾನು ಹೇಳಿದೆ. ದಪ್ಪನೆಯ ಮನುಷ್ಯ, ಜಗಳ, ಕಂಡಕ್ಟರ್ ಕೇಳಿದ್ದು, ನಾನು ಅಂದದ್ದು, ಎಲ್ಲ. ಮುಗಿದ ಮೇಲೆ ಅವರು ಒಂದೇ ಒಂದು ಕೇಳಿದರು: "ತಿರುಗಿ ನೋಡಲಿಲ್ಲೇನ್ರಿ ನೀವು?"

"ಇಲ್ಲ."

ಹೊರಗಿನ ಕೋಣೆಯಲ್ಲಿ ಲೋಟಗಳ ಸಪ್ಪಳವಾಯಿತು. ಮಗಳು ಚಹಾ ಮಾಡುತ್ತಿದ್ದಳು. ತಾಯಿ ಅತ್ತ ನೋಡಿ ದನಿ ತಗ್ಗಿಸಿದರು. "ನಿಮಗೆ ಮಾಫ್ ಮಾಡ್ತೀನೋ ಇಲ್ಲೋ, ನನಗೆ ಗೊತ್ತಿಲ್ಲ. ಈಗ ಕೇಳಬ್ಯಾಡ್ರಿ. ಆದ್ರೆ ಆಕಿ ಮುಂದೆ ಇದನ್ನ ಹೇಳಬ್ಯಾಡ್ರಿ. ನಮ್ಮ ಅಬ್ಬಾನ ಯಾರೂ ಕೇಳಲೇ ಇಲ್ಲ, ನಾಯಿ ಹಂಗೆ ಗೋಡೆ ಪಕ್ಕ ಬಿದ್ದಿದ್ರು ಅಂತ ಊಟ ಬಿಟ್ಟಾಳೆ. ಮೊದಲು ನನಗೆ ಹೇಳಿದ್ರಲ್ಲ, ಅಷ್ಟೇ ಹೇಳ್ರಿ. ಅದು ಸುಳ್ಳಲ್ಲ ಅಲ್ಲ?"

"ಸುಳ್ಳಲ್ಲ" ಎಂದೆ.

ಮಗಳು ಚಹಾ ತಂದು ಮುಂದಿಟ್ಟಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ, ಕಣ್ಣಿನ ಕೆಳಗೆ ಕಪ್ಪು. ತಾಯಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, "ಕೇಳು, ಇವರು ಅವತ್ತು ಬಸ್ಸಿನಾಗೆ ಇದ್ದೋರು. ಅಬ್ಬಾನ ಸೀಟಿನಾಗೆ ಯಾರೂ ಕೂಡಲಿಲ್ಲಂತೆ" ಎಂದರು.

ಹುಡುಗಿ ನನ್ನನ್ನು ನೋಡಿದಳು. "ಹೌದೇನ್ರಿ ಮೇಡಂ? ಯಾರೂ ಕೂಡಲಿಲ್ಲಾ?"

"ಇಲ್ಲಮ್ಮ. ಅಷ್ಟು ಜನ ನಿಂತಿದ್ರು, ಯಾರೂ ಕೂಡಲಿಲ್ಲ."

"ಎಲ್ಲಿ ತನಕ?"

ತಾಯಿ ನನ್ನ ಮುಖ ನೋಡದೆ ಟವೆಲನ್ನು ಮಡಚುತ್ತಿದ್ದರು.

"ದಾವಣಗೆರೆ ತನಕ" ಎಂದೆ. "ಪೂರ್ತಿ ದಾರಿ."

ಅವಳು ನಕ್ಕಳು. ತಂದೆ ಹೋದ ಮೇಲೆ ಇದೇ ಮೊದಲ ಸಲ ಎಂದು ತಾಯಿ ಹೇಳಿದರು. ನನಗೆ ಚಹಾ ಕುಡಿಯಲು ಹೇಳಿದರು, ಕುಡಿದೆ.