ಮಾರಿಕಣಿವೆಯಲ್ಲಿ ಅಪ್ಪ ಎಸೆದ ಕಲ್ಲು

ರಜೆ ಬಂತೆಂದರೆ ನಮ್ಮ ಮನೆಯಲ್ಲಿ ಯುದ್ಧ. ಮಗಳಿಗೆ ಬೆಟ್ಟ ಬೇಕು, ಮಗನಿಗೆ ನೀರು ಬೇಕು. ಮಾತು ಮುಗಿಯುವಷ್ಟರಲ್ಲಿ ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿರುತ್ತದೆ. ಬಿಡಿಸಲು ಹೋದ ನಾನು ಇಬ್ಬರಿಗಿಂತ ಜೋರಾಗಿ ಕೂಗಾಡುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ನನ್ನ ವಿಷಯದಲ್ಲಿ ಸುಳ್ಳಲ್ಲ.

ನೋಡಿ ನಿರಾಸೆಯಾದ ಜಾಗಗಳು ಬೇಕಾದಷ್ಟಿವೆ. ಊಟಿ ಎಂದರೆ ನನಗೆ ನೆನಪಿರುವುದು ಥಂಡಿ, ಟ್ರಾಫಿಕ್ಕು, ಮತ್ತೆ ಗಂಡನ ಜೊತೆ ಮೂರು ದಿನ ಮಾತು ಬಿಟ್ಟಿದ್ದು. ಹೊಸದುರ್ಗದ ಕಡೆ ಹಾಲುರಾಮೇಶ್ವರಕ್ಕೆ ಹೋದಾಗ ಮಗಳು ದಾರಿಯುದ್ದಕ್ಕೂ ವಾಂತಿ ಮಾಡಿ, ದೇವರಿಗಿಂತ ಹೆಚ್ಚು ನಲ್ಲಿಯನ್ನೇ ನೋಡಿ ಬಂದೆವು. ಇಷ್ಟವಾದದ್ದು ಒಂದೇ, ಚಿತ್ರದುರ್ಗದ ಕೋಟೆ. ಐದನೇ ಕ್ಲಾಸಿನಲ್ಲಿ ಸ್ಕೂಲಿನಿಂದ ಕರೆದುಕೊಂಡು ಹೋಗಿದ್ದರು. ಕೋತಿಯೊಂದು ನನ್ನ ಚಿತ್ರಾನ್ನದ ಡಬ್ಬಿಗೆ ಕೈ ಹಾಕಿತು. ನಾನು ನೀರಿನ ಬಾಟಲಿ ತೆಗೆದು ಅದರ ಬೆನ್ನಿಗೆ ಬಾರಿಸಿದೆ. ಅದು ನನ್ನ ತೋಳು ಪರಚಿ ರಕ್ತ ಬರಿಸಿತು. ಡಬ್ಬಿ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಅಷ್ಟು ಖುಷಿಯ ದಿನ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ.

ತೀರಾ ಕೆಟ್ಟ ಜಾಗ ಯಾವುದು ಎಂದು ಮಕ್ಕಳು ಕೇಳಿದರೆ ನಾನು ಮಾತು ತಿರುಗಿಸುತ್ತೇನೆ. ಅದು ಮಾರಿಕಣಿವೆ. ಪಾಪ, ಆ ಡ್ಯಾಮಿನ ತಪ್ಪೇನೂ ಇಲ್ಲ.

ಆಗ ನನಗೆ ಹನ್ನೊಂದು ವರ್ಷ. ಹರಿಯಬ್ಬೆ ಕಡೆಯ ಹಳ್ಳಿಯೊಂದರಲ್ಲಿ ನಮ್ಮದು ಕುರಿ ಕಾಯುವ ಮನೆ. ಅಪ್ಪನಿಗೆ ವರ್ಷಕ್ಕೊಂದು ದಿನ ಬಿಡುವು ಸಿಕ್ಕರೆ ಅದೇ ದೊಡ್ಡದು. ಆ ದಿನ ಅವ್ವನನ್ನೂ ನನ್ನನ್ನೂ ದುರ್ಗದ ಕೋಟೆಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದ. ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ, "ದುರ್ಗ ದೂರ ಆಗ್ತೈತೆ, ಸಂಜಿ ಕುರಿ ಮಂದಿಗೆ ವಾಪಸ್ ಬರಬೇಕು. ಮಾರಿಕಣಿವಿಗೆ ಹೋಗಾಣ" ಎಂದ. ನಾನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆ. ಅಲ್ಲೇ ನಿಂತಿದ್ದ ನನ್ನ ಕ್ಲಾಸಿನ ಹುಡುಗಿಯರ ಎದುರಿಗೇ ಅಪ್ಪ ಕೆನ್ನೆಗೆ ಒಂದು ಬಿಟ್ಟ. ಏಟಿಗಿಂತ ಆ ಹುಡುಗಿಯರು ನಕ್ಕಿದ್ದು ಉರಿಯಿತು. ಇವನು ಸಾಯಲಿ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ.

ಮಾರಿಕಣಿವೆಯಲ್ಲಿ ಅವ್ವ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಲು ಗುಡಿಗೆ ಹೋದಳು. ಅಪ್ಪ ಕಂಬಳಿ ಹಾಸಿ ಕೂತ. ನಾನು ಎದ್ದು ಇಳಿಜಾರಿನ ಬಂಡೆಯ ಮೇಲೆ ನೀರಿನ ಕಡೆ ಓಡಿದೆ. ಅಪ್ಪನನ್ನು ಹೆದರಿಸುವುದೇ ನನ್ನ ಉದ್ದೇಶ. ಅವನು ಕೂಗಿದ; ನಾನು ನಿಲ್ಲಲಿಲ್ಲ. ಅಂಚಿನ ಬಂಡೆಗೆ ಪಾಚಿ ಕಟ್ಟಿತ್ತು. ಅದು ಅವನಿಗೆ ಕಂಡಿತ್ತು, ನನಗೆ ಕಂಡಿರಲಿಲ್ಲ.

ಮಂದೆಯಲ್ಲಿ ಮುಂದಿನ ಕುರಿ ಯಾರದೋ ಹೊಲಕ್ಕೆ ನುಗ್ಗುವಂತಿದ್ದರೆ ಅಪ್ಪ ಮೊದಲು ಸಿಳ್ಳೆ ಹಾಕುತ್ತಿದ್ದ. ಸಿಳ್ಳೆಗೆ ಕುರಿ ಹೆಜ್ಜೆ ತಡೆಯುತ್ತದೆ. ಆ ಗಳಿಗೆಯಲ್ಲೇ ಅದರ ಮೂತಿಯ ಮುಂದೆ ಒಂದು ಮಾರು ದೂರಕ್ಕೆ ಕಲ್ಲು ಬೀಳಬೇಕು. ಕುರಿ ಬೆದರಿ ಹಿಂದಕ್ಕೆ ತಿರುಗುತ್ತದೆ. ಅಷ್ಟು ವರ್ಷದಲ್ಲಿ ಅಪ್ಪನ ಕಲ್ಲು ಒಂದು ಕುರಿಗೂ ತಾಗಿದ್ದಿಲ್ಲ. ಅವತ್ತೂ ಸಿಳ್ಳೆ ಹಾಕಿದ. ನನಗೆ ಚೆನ್ನಾಗಿ ಕೇಳಿಸಿತು. ನಾನೇನು ಕುರಿಯಾ ಎಂದು ಹಠಕ್ಕೆ ಬಿದ್ದು ಇನ್ನೂ ಜೋರಾಗಿ ಓಡಿದೆ. ನನ್ನ ಮುಂದೆ ಬೀಳಬೇಕಿದ್ದ ಕಲ್ಲು, ಓಡುತ್ತಲೇ ಹಿಂದಕ್ಕೆ ತಿರುಗಿ ನೋಡಿದ ನನ್ನ ಹುಬ್ಬಿನ ಮೇಲೆ ಬಿತ್ತು.

ಬಿದ್ದಲ್ಲಿಂದ ಏಳುವಷ್ಟರಲ್ಲಿ ಒಂದು ಕಣ್ಣಿನ ತುಂಬ ರಕ್ತ. ಟೆಂಪೋ ಮಾಡಿಕೊಂಡು ಬಂದಿದ್ದ ಏಳೆಂಟು ಜನ ಪಟ್ಟಣದ ಗಂಡಸರು ಅಲ್ಲೇ ಊಟಕ್ಕೆ ಕೂತಿದ್ದರು. ಅವರು ನೋಡಿದ್ದಿಷ್ಟು: ತಲೆಗೆ ರುಮಾಲು ಸುತ್ತಿದ್ದ ಒಬ್ಬ ಗಂಡಸು ಓಡಿಹೋಗುತ್ತಿದ್ದ ಹೆಣ್ಣುಮಗುವಿಗೆ ಗುರಿಯಿಟ್ಟು ಕಲ್ಲು ಹೊಡೆದ. ಓಡಿ ಬರುತ್ತಿದ್ದ ಅಪ್ಪನನ್ನು ಅರ್ಧದಲ್ಲೇ ಹಿಡಿದು ಕೆಡವಿದರು.

"ಮಗು ಮೇಲೆ ಕಲ್ಲು ಎಸೀತೀಯೇನೋ!" ಎಂದು ಒಬ್ಬ ಹೊಟ್ಟೆಗೆ ಒದ್ದ. ಇನ್ನೊಬ್ಬ ಬೆಲ್ಟು ಬಿಚ್ಚಿದ.

"ನನ್ ಮಗಳು ಕಣ್ರಪ್ಪಾ, ನೀರಿಗ್ ಬೀಳ್ತಿದ್ಲು, ಬಿಡ್ರಪ್ಪಾ," ಎಂದು ಅಪ್ಪ ಅರಚಿದ.

ಅವರಲ್ಲೊಬ್ಬ ನನ್ನ ಹಣೆಗೆ ಕರ್ಚೀಫು ಒತ್ತಿ ಹಿಡಿದು, "ಹೌದೇನಮ್ಮ? ಇವನು ನಿಮ್ಮಪ್ಪಾನಾ?" ಎಂದು ಮೃದುವಾಗಿ ಕೇಳಿದ.

ಎಲ್ಲರೂ ಹೊಡೆಯುವುದು ನಿಲ್ಲಿಸಿ ನನ್ನ ಕಡೆ ತಿರುಗಿದರು. ಅಪ್ಪನೂ ನೋಡಿದ. ನನ್ನ ಕೆನ್ನೆ ಇನ್ನೂ ಉರಿಯುತ್ತಿತ್ತು.

"ಅಲ್ಲ. ಯಾರೋ ಗೊತ್ತಿಲ್ಲ," ಎಂದೆ.

ಆಮೇಲೆ ಬಿದ್ದ ಏಟುಗಳನ್ನು ನಾನು ಒಂದೇ ಕಣ್ಣಿನಲ್ಲಿ ನೋಡಿದೆ. ಅಪ್ಪ ಮತ್ತೆ ಬಾಯಿ ತೆರೆಯಲಿಲ್ಲ. ಬಲಗೈಯನ್ನು ಹಿಂದಕ್ಕೆ ತಿರುಚಿ ಬಂಡೆಗೆ ಒತ್ತಿ ತುಳಿದಾಗ ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು. ನನಗೆ ಉಚ್ಚೆ ಹೋಯಿತು. ಈಗ ಹೇಳಬೇಕು, ಈಗ ಹೇಳಬೇಕು ಎನ್ನಿಸಿದರೂ ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ಗುಡಿಯಿಂದ ಅವ್ವ ಬಂದಳು. ತೆಂಗಿನಕಾಯಿಯ ಚೀಲವನ್ನು ತಿರುಗಿಸಿ ಬೆಲ್ಟು ಹಿಡಿದವನ ಮುಖಕ್ಕೇ ಬೀಸಿದಳು. "ನನ್ ಗಂಡನ್ನ ಯಾಕ್ ಸಾಯ್ಸ್ತೀರೋ, ನಿಮ್ ವಂಶ ಹಾಳಾಗ!" ಎಂದು ಅಪ್ಪನ ಮೇಲೆ ಬಿದ್ದಳು. ಆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅರ್ಧ ಊಟ ಬಿಟ್ಟು ಟೆಂಪೋ ಹತ್ತಿದರು.

ನನಗೆ ನಾಲ್ಕು ಹೊಲಿಗೆ ಬಿತ್ತು, ಅಪ್ಪನ ಮೊಣಕೈ ಮುರಿದಿತ್ತು. ಬಸ್ಸಿನಲ್ಲಿ ಅವ್ವ ಆ ಗಂಡಸರಿಗೆ ಶಾಪ ಹಾಕುತ್ತಲೇ ಇದ್ದಳು. ನಾನು ಅಂದ ಮಾತನ್ನು ಅಪ್ಪ ಅವಳಿಗೆ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ನನ್ನ ಕಡೆ ಬಾಗಿ, "ಸಿಳ್ಳೆ ಕೇಳಿಸ್ಲಿಲ್ವೇನವ್ವಾ?" ಎಂದಷ್ಟೇ ಕೇಳಿದ.

"ಇಲ್ಲ," ಎಂದೆ.

ಕೈ ಸೊಟ್ಟಗೆ ಕೂಡಿಕೊಂಡಿತು. ಅಪ್ಪನ ಕಲ್ಲು ಮತ್ತೆಂದೂ ಗುರಿಗೆ ಬೀಳಲಿಲ್ಲ. ಕುರಿಗಳು ಕಂಡವರ ಹೊಲ ಮೇದವು, ಜಗಳಗಳಾದವು, ಎರಡು ಸಲ ಮತ್ತೆ ಏಟು ತಿಂದ. ಮೂರೇ ವರ್ಷಕ್ಕೆ ಮಂದೆ ಚಿಕ್ಕಪ್ಪನ ಪಾಲಾಯಿತು. ಕೈಗೆ ಏನಾಯ್ತು ತಾತ ಎಂದು ನನ್ನ ಮಕ್ಕಳು ಕೇಳಿದರೆ, "ಟಗರು ಗುಮ್ಮಿತ್ತು ಕಣ್ರೋ" ಎನ್ನುತ್ತಾನೆ. ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ.

ಈ ಸಲದ ರಜೆಯಲ್ಲಿ ಮಗನ ಹಠವೇ ಗೆದ್ದಿತು. ಈಗ ನಾವಿರುವ ಹೊಳಲ್ಕೆರೆಯಿಂದ ಕಾರಿನಲ್ಲಿ ಹೊರಟು, ಮೊದಲು ಊರಿಗೆ ಹೋಗಿ ಅಪ್ಪನನ್ನೂ ಹತ್ತಿಸಿಕೊಂಡು ಮಾರಿಕಣಿವೆಗೆ ಹೋದೆವು. ಕಾರು ನಿಲ್ಲಿಸಿ ಬರುವಷ್ಟರಲ್ಲಿ ಗೇಟಿನಲ್ಲಿ ಕಾವಲಿನವನು ಅಪ್ಪನನ್ನು ತಡೆದು, ಕೋಲು ಒಳಗೆ ಬಿಡುವುದಿಲ್ಲ ಎಂದು ಎದೆಗೆ ಕೈಯಿಟ್ಟು ಹಿಂದಕ್ಕೆ ದಬ್ಬುತ್ತಿದ್ದ. "ಯಾರ ಕಡೆಯೋನಪ್ಪ ಈ ಮುದುಕ?" ಎಂದು ಸುತ್ತಲೂ ಕೂಗಿ ಕೇಳಿದ.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಕಾವಲಿನವನ ಕೊರಳಪಟ್ಟಿ ನನ್ನ ಮುಷ್ಟಿಯಲ್ಲಿತ್ತು. "ನಮ್ಮಪ್ಪ! ಇವರು ನಮ್ಮಪ್ಪ! ಕೈ ತೆಗಿ, ನಮ್ಮಪ್ಪ ಕಣೋ ಇವರು!" ಎಂದು ಕಿರುಚಿದೆ. ಜನ ಸೇರಿದರು. ನನ್ನ ಮಕ್ಕಳು ಹೆದರಿ ಅಳತೊಡಗಿದರು.

ಅಪ್ಪ ನನ್ನ ಮುಷ್ಟಿಯನ್ನು ಎಡಗೈಯಲ್ಲಿ ಒಂದೊಂದೇ ಬೆರಳಾಗಿ ಬಿಡಿಸಿದ. "ಬಿಡವ್ವ. ಒಂದ್ ಸಲ ಹೇಳಿದ್ರೆ ಸಾಕು," ಎಂದ.

"ಅವತ್ತು ಸಿಳ್ಳೆ ಕೇಳಿಸಿತ್ತಪ್ಪ," ಎಂದೆ.

"ಗೊತ್ತೈತೆ. ಕೇಳಿಸಿದ್ಕೇ ಅಲ್ವ ನೀನು ಜೋರಾಗಿ ಓಡಿದ್ದು," ಎಂದು ಕೋಲನ್ನು ಕಾವಲಿನವನ ಕೈಗೆ ಕೊಟ್ಟು, ಮೊಮ್ಮಗನ ಕೈ ಹಿಡಿದು ನೀರಿನ ಕಡೆ ನಡೆದ.